ಅಜ್ಜಿ ಎತ್ತಿಟ್ಟ ಜಮ್‌ಜಮ್ ನೀರು

ನಾನು ಚಿಕ್ಕವಳಿದ್ದಾಗ ನಮಗೂ ಪಕ್ಕದ ಮನೆಯ ಅಜ್ಜಿಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಗೋಡೆ. ಈ ಕಡೆ ನಮ್ಮ ಅಮ್ಮಿ ಒಣಮೆಣಸಿನಕಾಯಿ ಹುರಿದರೆ ಆ ಕಡೆ ಅಜ್ಜಿ ಸೀನುತ್ತಿದ್ದರು. ಆ ಕಡೆ ಅಜ್ಜಿ ಪೂಜೆಗೆ ಕೂತು ಗಂಟೆ ಅಲ್ಲಾಡಿಸಿದರೆ ಈ ಕಡೆ ನನಗೆ ಎಚ್ಚರವಾಗುತ್ತಿತ್ತು. ಊರು ಗುಬ್ಬಿ. ಈಗ ನೀವು ಮಕ್ಕಳು ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟರೆ ಒಂದು ಸಣ್ಣ ನಿದ್ದೆ ಮುಗಿಯುವುದರೊಳಗೆ ಸಿಗುತ್ತದೆ. ಆಗ ನಮಗೆ ತುಮಕೂರು ಎಂದರೆ ಹಬ್ಬದ ಬಟ್ಟೆಗೆಂದು ವರ್ಷಕ್ಕೊಮ್ಮೆ ಹೋಗುವ ದೊಡ್ಡ ಪಟ್ಟಣ.

ನಮ್ಮ ಅಬ್ಬಾ, ಎಂದರೆ ನಿಮ್ಮ ಮುತ್ತಜ್ಜ, ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಸಂತೆ ಮೈದಾನದ ಅಂಚಿನಲ್ಲಿ ಒಂದು ಹೊಂಗೆಮರದ ಕೆಳಗೆ ಅವರ ಜಾಗ. ಕಡಬ, ಚೇಳೂರು ಕಡೆಯ ಗಾಡಿಗಳು ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಎತ್ತಿಗೆ ಹಗ್ಗ ಹಾಕಿ ಕೆಡವಿ, ಕಾಲುಗಳನ್ನು ಸೇರಿಸಿ ಕಟ್ಟಿ, ಗೊರಸಿಗೆ ಕಬ್ಬಿಣದ ಲಾಳ ಇಟ್ಟು ಮೊಳೆ ಹೊಡೆಯಬೇಕು. ಕೆಡವುವ ಮುಂಚೆ ಅಬ್ಬಾ ಅದರ ಕುತ್ತಿಗೆ ಸವರುತ್ತಾ ಏನೇನೋ ಮಾತಾಡುತ್ತಿದ್ದರು. ಮನೆಯಲ್ಲಿ ಉರ್ದು ಆಡುವವರು ಎತ್ತಿನ ಹತ್ತಿರ ಮಾತ್ರ ಕನ್ನಡ ಆಡುತ್ತಿದ್ದರು. ಯಾಕೆ ಎಂದು ಕೇಳಿದರೆ, ಅದು ಕಡಬದ ಎತ್ತು, ಅದಕ್ಕೆ ಉರ್ದು ಎಲ್ಲಿ ಬರುತ್ತದೆ ಎನ್ನುತ್ತಿದ್ದರು.

ಪಕ್ಕದ ಮನೆಯ ಅಜ್ಜಿ ನನಗೆ ರಕ್ತಸಂಬಂಧದಿಂದ ಏನೂ ಆಗಬೇಕಿರಲಿಲ್ಲ. ಆದರೆ ನಾನು ಹುಟ್ಟಿದಾಗ ಅಮ್ಮಿ ಜ್ವರ ಬಂದು ಮಲಗಿಬಿಟ್ಟಿದ್ದರಂತೆ. ಆಗ ನನಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕಾಲ ಮೇಲೆ ಮಲಗಿಸಿಕೊಂಡು ಬೆಳೆಸಿದವರು ಈ ಅಜ್ಜಿ. ನನ್ನ ತಲೆ ಇಷ್ಟು ದುಂಡಗಿರುವುದಕ್ಕೆ ತಾನೇ ಕಾರಣ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಬ್ಬಾ ಅವರನ್ನು ‘ಅವ್ವಾ’ ಎನ್ನುತ್ತಿದ್ದರು. ಅಬ್ಬಾರ ಸ್ವಂತ ಅಮ್ಮ ಯಾವಾಗಲೋ ತೀರಿಹೋಗಿದ್ದರು.

ಅಜ್ಜಿ ಶಿವಭಕ್ತೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಲಿಂಗ. ಬೆಳಿಗ್ಗೆ ಸ್ನಾನ ಮಾಡಿ ಹಣೆತುಂಬ ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು, ನೀರು ಹಾಕಿ, ಪತ್ರೆ ಏರಿಸಿ ಪೂಜಿಸುವವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಏನೇ ತಿಂದರೂ ಮೊದಲು ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗೆ. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ, ನಮ್ಮ ಕೊಡದ ನೀರನ್ನೂ ಕುಡಿಯುತ್ತಿರಲಿಲ್ಲ. ನನಗೂ ಅವರ ನಡುಮನೆಯವರೆಗೆ ಮಾತ್ರ ಓಡಾಟ, ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಇದರಿಂದ ನನಗೆ ಬೇಸರವೇ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಕೊಟ್ಟ ಕಡುಬನ್ನು ನಾನು ನಾಲ್ಕು ತಿನ್ನಬಹುದು, ನಮ್ಮ ಮನೆಯ ಒಂದು ಲೋಟ ಚಹಾವನ್ನು ಅವರು ಕುಡಿಯಬಾರದು. ಇದು ಯಾವ ನ್ಯಾಯ ಎಂದು ಅನ್ನಿಸುತ್ತಿತ್ತು.

ಅದಕ್ಕೆ ಅಮ್ಮಿ ಒಂದು ದಾರಿ ಮಾಡಿಕೊಂಡಿದ್ದರು. ರಂಜಾನ್ ಹಬ್ಬಕ್ಕೆ ಬೇಯಿಸದ ಶಾವಿಗೆ, ಸಕ್ಕರೆ, ಸಿಪ್ಪೆ ಬಿಡಿಸದ ಏಲಕ್ಕಿ, ಸುಲಿಯದ ತೆಂಗಿನಕಾಯಿ, ಇವನ್ನೆಲ್ಲ ಹೊಸ ಮೊರದಲ್ಲಿಟ್ಟು ಕಳಿಸುತ್ತಿದ್ದರು. ಅಜ್ಜಿ ಅದನ್ನು ತಮ್ಮ ಒಲೆಯ ಮೇಲೆ ಪಾಯಸ ಮಾಡಿ, ಲಿಂಗಕ್ಕೆ ತೋರಿಸಿ, ಆಮೇಲೆ ಉಣ್ಣುತ್ತಿದ್ದರು. ನಮ್ಮ ಹಬ್ಬದ ಊಟವೇ, ಆದರೆ ಅವರ ಅಡುಗೆಮನೆಯ ದಾರಿಯಲ್ಲಿ ಹೋಗಿ ಬರಬೇಕಿತ್ತು. ಮೊದಲ ಸಲ ಆ ಪಾಯಸದಲ್ಲಿ ನಮಗೂ ಒಂದು ಬಟ್ಟಲು ಕಳಿಸಿದರಂತೆ. ದೇವರ ಮುಂದೆ ಇಟ್ಟದ್ದನ್ನು ನಾವು ತಿನ್ನುವ ಹಾಗಿಲ್ಲ, ಬೇಡ ಎನ್ನಲು ಅಮ್ಮಿಗೆ ಬಾಯಿ ಬರಲಿಲ್ಲ. ಬಟ್ಟಲು ಹಿಡಿದುಕೊಂಡು ಹಾಗೇ ನಿಂತಿದ್ದರಂತೆ. ಅಜ್ಜಿಗೆ ಮುಖ ನೋಡಿದರೆ ಸಾಕು, ಎಲ್ಲ ತಿಳಿಯುತ್ತಿತ್ತು. ಮುಂದಿನ ವರ್ಷದಿಂದ ಪಾಯಸ ಇಳಿಸಿದ ಕೂಡಲೇ, ಪೂಜೆಗೆ ಮುಂಚೆ, ನಮ್ಮ ಪಾಲನ್ನು ಬೇರೆ ಎತ್ತಿಡುತ್ತಿದ್ದರು. ಕೊಡುವಾಗ ‘ಇದು ಎತ್ತಿಟ್ಟಿದ್ದು ಕಣಮ್ಮ’ ಎಂದು ಹೇಳಿಯೇ ಕೊಡುತ್ತಿದ್ದರು.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಕಾಲು ಊದಿಕೊಂಡವು, ಮುದ್ದೆ ಸೇರುತ್ತಿರಲಿಲ್ಲ, ಆಮೇಲೆ ಗಂಜಿಯೂ ಸೇರಲಿಲ್ಲ. ಡಾಕ್ಟರು ಬಂದು ನೋಡಿ, ವಯಸ್ಸಾಯಿತಲ್ಲ ಎಂದು ಹೇಳಿ ಹೋದರು. ಅಜ್ಜಿಯ ಸೊಸೆಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಆ ಅತ್ತೆ ಗೋಡೆಯಾಚೆ ಅಮ್ಮಿಯ ಹತ್ತಿರ ಪಿಸುಮಾತಿನಲ್ಲಿ ಅಳುವುದು ಕೇಳಿಸಿದಾಗ, ಅಜ್ಜಿ ಇನ್ನು ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಆಗ ಶಾಲೆ ಬಿಟ್ಟ ಮೇಲೆ ನಾವು ಮಸೀದಿಯ ಜಗಲಿಯಲ್ಲಿ ಹಜ್ರತ್ ಹತ್ತಿರ ಪಾಠಕ್ಕೆ ಹೋಗುತ್ತಿದ್ದೆವು. ಹಜ್ರತ್ ಎಂದರೆ ನಮ್ಮ ಗುರುಗಳು. ತುಂಬ ಮೆತ್ತಗೆ ಮಾತಾಡುವವರು, ಬೆತ್ತವನ್ನು ಬಳಸುತ್ತಿದ್ದದ್ದು ಮೇಕೆ ಓಡಿಸಲು ಮಾತ್ರ. ಅದೇ ವಾರ ಅವರು, ನಮ್ಮ ದೀನಿಗೆ, ಎಂದರೆ ನಮ್ಮ ಧರ್ಮಕ್ಕೆ, ಬೇರೆಯವರನ್ನು ಹೇಗೆ ಕರೆಯಬೇಕು ಎಂದು ಹೇಳಿಕೊಟ್ಟರು. ತಿಳಿವಳಿಕೆಯಿಂದ ಕರೆಯಬೇಕು, ಒಳ್ಳೆಯ ಮಾತಿನಿಂದ ಕರೆಯಬೇಕು, ಯಾರ ಮನಸ್ಸೂ ನೋಯಬಾರದು. ಮದುವೆಗೆ ಕರೆಯಲು ಹೋದವರು ಬಾಗಿಲಲ್ಲಿ ನಿಂತು ಬೈಯುತ್ತಾರೆಯೇ ಎಂದು ನಮ್ಮನ್ನೇ ಕೇಳಿದರು. ಕರೆಯುವುದಷ್ಟೇ ನಮ್ಮದು, ಮಿಕ್ಕದ್ದು ಅಲ್ಲಾಹನದು ಎಂದೂ ಹೇಳಿದರು. ಆದರೆ ಹಿಂದೆ ಕೂತ ಒಬ್ಬಳು, ಕಲಿಮಾ ಹೇಳದವರು ಜನ್ನತ್‌ಗೆ ಬರುವುದೇ ಇಲ್ಲವಂತೆ ಎಂದು ನನ್ನ ಕಿವಿಯಲ್ಲಿ ಉಸುರಿದಳು. ಕಲಿಮಾ ಎಂದರೆ ನಮ್ಮ ನಂಬಿಕೆಯ ಮಾತು, ಜನ್ನತ್ ಎಂದರೆ ಸ್ವರ್ಗ. ಅವಳು ಹಾಗೆಂದ ಮೇಲೆ ಹಜ್ರತ್ ಹೇಳಿದ ಉಳಿದದ್ದೊಂದೂ ನನ್ನ ತಲೆಗೆ ಹೋಗಲಿಲ್ಲ.

ನನ್ನ ಸಂಕಟ ಏನೆಂದು ಯೋಚಿಸಿ ಮಕ್ಕಳೇ. ಅಜ್ಜಿ ಇವತ್ತೋ ನಾಳೆಯೋ ಹೋಗುತ್ತಾರೆ. ನಾನೂ ಅಮ್ಮಿಯೂ ಅಬ್ಬಾನೂ ಮುಂದೆ ಯಾವಾಗಲೋ ಜನ್ನತ್‌ಗೆ ಹೋಗಿ ನೋಡಿದರೆ ಅಲ್ಲಿ ಅಜ್ಜಿ ಇರುವುದಿಲ್ಲ. ಅಷ್ಟು ದೊಡ್ಡ ತೋಟ, ಹಾಲಿನ ಕಾಲುವೆ, ಎಲ್ಲ ಇದ್ದು ಏನು ಮಾಡುವುದು? ಹಾಗಾಗಿ ಅಜ್ಜಿಯನ್ನು ನಾನೇ ಕರೆಯಬೇಕು ಎಂದು ತೀರ್ಮಾನಿಸಿದೆ.

ಮರುದಿನ ಭಾನುವಾರ. ತಿಳಿವಳಿಕೆ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬರಿಗೈಯಲ್ಲಿ ಹೋಗಬಾರದು ಎಂಬುದಷ್ಟು ಹೊಳೆಯಿತು. ಕುಣಿಗಲ್‌ನಲ್ಲಿದ್ದ ಅಬ್ಬಾರ ಅಣ್ಣ ಹಿಂದಿನ ವರ್ಷ ಬೊಂಬಾಯಿಯಿಂದ ಹಡಗು ಹತ್ತಿ ಹಜ್‌ಗೆ ಹೋಗಿ ಬಂದಿದ್ದರು. ಅವರು ತಗಡಿನ ಡಬ್ಬಿಯಲ್ಲಿ ಬೆಸುಗೆ ಹಾಕಿಸಿ ತಂದ ಜಮ್‌ಜಮ್ ನೀರಿನಲ್ಲಿ ನಮ್ಮ ಪಾಲಿಗೆ ಒಂದು ಔಷಧಿ ಶೀಸೆಯಷ್ಟು ಬಂದಿತ್ತು. ಅದು ಮಕ್ಕಾದ ಪವಿತ್ರ ಬಾವಿಯ ನೀರು. ಕಾಯಿಲೆಯವರಿಗೆ ಒಂದು ಗುಟುಕು, ಪ್ರಾಣ ಬಿಡುವವರ ಬಾಯಿಗೆ ಎರಡು ಹನಿ ಎಂದು ಅಮ್ಮಿ ಅದನ್ನು ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ನಾನು ಅಜ್ಜಿಗೆ ಕೊಡುತ್ತೇನೆ ಎಂದಾಗ ಅಮ್ಮಿ ಇಲ್ಲ ಎನ್ನಲಿಲ್ಲ. ಅವರು ನಮ್ಮ ನೀರು ಕುಡಿಯುವುದಿಲ್ಲವಲ್ಲ ಎಂದು ಮಾತ್ರ ಅಂದರು. ಇದು ನಮ್ಮ ಮನೆಯ ನೀರಲ್ಲವಲ್ಲ, ಮಕ್ಕಾದ್ದಲ್ಲವೇ ಎಂದು ನಾನು ಕೇಳಿದೆ. ಅಮ್ಮಿ ಸುತ್ತಿದ್ದ ಬಟ್ಟೆ ಬಿಚ್ಚಿ, ಶೀಸೆಯನ್ನು ನನ್ನ ಎರಡೂ ಕೈಯಲ್ಲಿ ಇಟ್ಟರು.

ಅಜ್ಜಿ ನಡುಮನೆಯ ಕಿಟಕಿಯ ಹತ್ತಿರ ಮಲಗಿದ್ದರು. ನೀಲಗಿರಿ ಎಣ್ಣೆ, ವಿಭೂತಿ, ಹಳೇ ಕಂಬಳಿ, ಎಲ್ಲದರ ವಾಸನೆ ಬೆರೆತಿತ್ತು. ಮುಖ ಇಷ್ಟೇ ಇಷ್ಟಾಗಿತ್ತು. ನನ್ನನ್ನು ಕಂಡು ಹತ್ತಿರ ಕೂರಿಸಿಕೊಂಡು, ತಲೆ ಬಾಚಿಲ್ಲವಲ್ಲ ಎಂದು ಬೈದರು. ನಾನು ಶೀಸೆ ತೋರಿಸಿ, ಅದು ಎಲ್ಲಿಯದು, ಹಡಗಿನಲ್ಲಿ ಹೇಗೆ ಬಂತು ಎಂದೆಲ್ಲ ಹೇಳಿದೆ. ಅಷ್ಟು ದೂರದ ನೀರೇ ಎಂದು ಅಜ್ಜಿ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನು ಕರೆಯುವುದೊಂದೇ ಬಾಕಿ.

“ಅಜ್ಜಿ, ಇದನ್ನ ಕುಡ್ದು ನಾನ್ ಹೇಳ್ಕೊಟ್ಟಂಗೆ ಒಂದು ಮಾತು ಹೇಳ್ಬುಡು. ಆಮೇಲೆ ನಾವೆಲ್ಲಾ ಜನ್ನತ್‌ನಲ್ಲಿ ಒಟ್ಟಿಗೇ ಇರ್ಬೋದು. ಇಲ್ದಿದ್ರೆ ನೀನು ಬೇರೆ ಆಗೋಗ್ತೀಯ.”

ಅಜ್ಜಿ ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ದೊಡ್ಡವರ ಮಾತು ಕೇಳಿದ ಹಾಗೆ ಪೂರ್ತಿ ಕೇಳಿ, ಶೀಸೆಯನ್ನು ಎದೆಯ ಮೇಲೆ ಇಟ್ಟುಕೊಂಡು ಕೇಳಿದರು.

“ಅಲ್ಲಿ ನಮ್ಮೆಜಮಾನ್ರು ಇರ್ತಾರೇನೇ ಮಗಾ?”

ಅಜ್ಜಿಯ ಗಂಡ ನಾನು ಹುಟ್ಟುವುದಕ್ಕೂ ಎಷ್ಟೋ ಮುಂಚೆ ತೀರಿಹೋಗಿದ್ದರು. ಅವರು ಕಲಿಮಾ ಹೇಳಿರಲು ಸಾಧ್ಯವೇ ಇರಲಿಲ್ಲ. ಇದಕ್ಕೆ ಉತ್ತರ ಹಜ್ರತ್ ಹೇಳಿಕೊಟ್ಟಿರಲಿಲ್ಲ.

“ಅವ್ರು ಇನ್ನೊಂದ್ ಕಡೆ ಕಾಯ್ಕಂಡ್ ಕೂತಿರ್ತಾರೆ ಕಣೆ. ಮೊದ್ಲೇ ಕೋಪಿಷ್ಠ ಮನ್ಷ. ನಾನು ನಿನ್ ಜೊತೆ ಬಂದ್ಬುಟ್ರೆ ಅವ್ರಿಗೆ ಉಣ್ಣಾಕಿಕ್ಕೋರು ಯಾರು?”

ಹಾಗೆ ಹೇಳಿ ನನ್ನ ಕೆನ್ನೆ ಸವರಿದರು. ಆಮೇಲೆ ಅತ್ತೆಯನ್ನು ಕರೆದು, ಎಬ್ಬಿಸಿ ಕೂರಿಸಲು ಹೇಳಿದರು. ತಟ್ಟೆ ಬಂತು, ಸಣ್ಣ ಬಟ್ಟಲು ಬಂತು, ವಿಭೂತಿ ಬಂತು. ಅಜ್ಜಿ ಶೀಸೆಯ ಬಿರಡೆ ತೆಗೆದು ಅರ್ಧ ನೀರನ್ನು ಬಟ್ಟಲಿಗೆ ಬಗ್ಗಿಸಿದರು. ಬಿರಡೆ ಹಾಕಿ ಶೀಸೆಯನ್ನು ಕಿಟಕಿಯ ಮೇಲೆ ಇಟ್ಟರು. ಆಮೇಲೆ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು.

ಏನಾಗುತ್ತಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ಆಗಿಹೋಯಿತು. ಬೊಂಬಾಯಿಗೆ ಹಡಗಿನಲ್ಲಿ ಬಂದು, ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದ ಜಮ್‌ಜಮ್ ನೀರನ್ನು ಅಜ್ಜಿ ಹನಿಹನಿಯಾಗಿ ಲಿಂಗದ ಮೇಲೆ ಹಾಕಿದರು. ಬೆರಳ ಸಂದಿಯಿಂದ ತಟ್ಟೆಗೆ ಇಳಿದದ್ದನ್ನು ತೀರ್ಥ ಎಂದು ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ ಕುಡಿದರು. ಎಷ್ಟೋ ದಿನದಿಂದ ಏನೂ ಇಳಿಯದ ಗಂಟಲಲ್ಲಿ ಅದು ಇಳಿಯಿತು. ಅತ್ತೆ ಕೈ ಮುಗಿದರು. ಮಕ್ಕಾದ ನೀರು ಬೇರೆ ದೇವರ ಪೂಜೆಗೆ ಹೋಯಿತಲ್ಲ ಎಂದು ನನಗೆ ಅಳು ಬಂತು. ಹಸಿ ಶಾವಿಗೆ ಕೊಟ್ಟರೆ ಅದನ್ನು ತಮ್ಮ ಒಲೆಯ ಮೇಲೆ ಬೇಯಿಸಿಕೊಂಡು ಉಣ್ಣುವ ಅಜ್ಜಿ, ನೀರು ಕೊಟ್ಟರೆ ಬೇರೆ ಏನು ಮಾಡುತ್ತಾರೆ? ಇಷ್ಟೂ ನನಗೆ ಹೊಳೆದಿರಲಿಲ್ಲ.

ನಾನು ಏಳುವಾಗ ಅಜ್ಜಿ ಕಿಟಕಿಯ ಮೇಲಿನ ಶೀಸೆಯನ್ನು ನನ್ನ ಕೈಗೆ ಕೊಟ್ಟರು.

“ಇದು ಎತ್ತಿಟ್ಟಿದ್ದು ಕಣೆ. ಪೂಜೆಗಿಂತ ಮುಂಚೇನೇ. ನಿಮ್ಗೆ.”

ನಾನು ಶೀಸೆ ಕಸಿದುಕೊಂಡ ಹಾಗೆ ತೆಗೆದುಕೊಂಡು, ಬರುತ್ತೇನೆ ಎಂದೂ ಹೇಳದೆ ಅಬ್ಬಾರ ಹೊಂಗೆಮರಕ್ಕೆ ಓಡಿದೆ. ಅಬ್ಬಾ ಆಗ ತಾನೇ ಒಂದು ಎತ್ತಿನ ಕಾಲು ಬಿಚ್ಚಿ ಎಬ್ಬಿಸಿ ನಿಲ್ಲಿಸಿದ್ದರು. ಮೊಳೆಗಳನ್ನು ತಗಡಿನ ಡಬ್ಬಿಗೆ ಹಾಕುತ್ತಾ, ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು, ಬೆವರನ್ನೋ ಇನ್ನೇನನ್ನೋ. ಆಮೇಲೆ, ತಾವೂ ಒಂದು ಸಲ ಅಜ್ಜಿಯನ್ನು ಕರೆದಿದ್ದ ಕಥೆ ಹೇಳಿದರು. ಮದುವೆಯಾದ ಹೊಸದರಲ್ಲಿ, ತುಂಬ ಯೋಚಿಸಿ, ಒಳ್ಳೆಯ ಮಾತಿನಲ್ಲೇ ಕೇಳಿದ್ದರಂತೆ. ಅಜ್ಜಿ ಅದನ್ನೂ ಪೂರ್ತಿ ಕೇಳಿ, ನೀನೇ ನಮ್ಮ ಕಡೆಗೆ ಬಂದುಬಿಡು, ಸ್ವಾಮಿಗಳಿಗೆ ಹೇಳಿ ಲಿಂಗ ಕಟ್ಟಿಸುತ್ತೇನೆ ಎಂದರಂತೆ. ಇವರೂ ಹೋಗಲಿಲ್ಲ, ಅವರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅಬ್ಬಾ ಎಂದಿನಂತೆ ಅಜ್ಜಿಯ ಮನೆಗೆ ಸೌದೆ ಒಡೆದುಕೊಟ್ಟರು.

ಹಾಗಾದರೆ ಇನ್ನೊಂದು ಸಲ ಕೇಳಿ, ನೀವು ಹೇಳಿದರೆ ಕೇಳುತ್ತಾರೆ ಎಂದು ನಾನು ಹಟ ಮಾಡಿದೆ. ಅಬ್ಬಾ ಹಗ್ಗ ಸುತ್ತುತ್ತಿದ್ದರು. ಅವರು ಅಂದದ್ದು ಉರ್ದುವಿನಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

“ಎತ್ತಾದ್ರೆ ಹಗ್ಗ ಹಾಕಿ ಕೆಡವ್ಬೋದು ಬೇಟಾ. ಅವ್ವಂಗೆ ಹಾಕಕ್ಕಾಗುತ್ತಾ?”

ಅಜ್ಜಿ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ. ಎತ್ತಿನವನು ಗಾಡಿ ಹೂಡಿಕೊಂಡು ಹೊರಟುಹೋದ, ಹೊಸ ಲಾಳದ ಸದ್ದು ರಸ್ತೆಯುದ್ದಕ್ಕೂ ಕೇಳಿಸಿತು.

“ನಂಗೊತ್ತಿಲ್ಲ ಬೇಟಾ. ದುವಾ ಮಾಡು. ಅದಕ್ಕಿಂತ ಹೆಚ್ಚಿಗೆ ನನ್ ಕೈಲೂ ಆಗಲ್ಲ.”

ಅಬ್ಬಾಗೆ ಗೊತ್ತಿಲ್ಲದ್ದು ಒಂದು ಇದೆ ಎಂದು ನನಗೆ ತಿಳಿದದ್ದು ಅವತ್ತೇ. ನನಗೆ ಅಜ್ಜಿಯ ವಿಷಯಕ್ಕಿಂತ ಅದರಿಂದಲೇ ಹೆಚ್ಚು ಭಯವಾಯಿತು. ಸಂಜೆಯ ನಮಾಜಿನ ಹೊತ್ತಿಗೆ ಅಮ್ಮಿಯ ಪಕ್ಕ ಕೂತು ಕೈಯೆತ್ತಿ ಕೇಳಿದೆ. ಏನೆಂದು ಕೇಳಬೇಕೆಂದು ತಿಳಿಯದೆ, ನಮ್ಮ ಅಜ್ಜಿಗೂ ಅಲ್ಲಿ ಒಂದು ಪಾಲು ಎತ್ತಿಡು ಎಂದು ಬೇಡಿಕೊಂಡೆ.

ಅಜ್ಜಿ ಮಲಗಿದ ಮೇಲೆ ಅತ್ತೆ ಬಾರಿಸುತ್ತಿದ್ದ ಗಂಟೆ ಮರುದಿನ ಬೆಳಿಗ್ಗೆ ಕೇಳಿಸಲಿಲ್ಲ. ಬಿಸಿಲು ಬಂದ ಮೇಲೆ ಎಚ್ಚರವಾಗಿ ಹೊರಗೆ ಬಂದರೆ ಅಜ್ಜಿಯ ಮನೆಯ ಮುಂದೆ ಜನ. ಯಾರೋ ಬಿದಿರು ಸೀಳುತ್ತಿದ್ದರು, ಯಾರೋ ಬಾಳೆಕಂದು ತಂದಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ನಡುಮನೆಯಲ್ಲಿ, ಎದುರಿಗೇ, ಅಜ್ಜಿ ಕೂತಿದ್ದರು. ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿಕೊಂಡು, ಒಗೆದ ಸೀರೆ ಉಟ್ಟು, ಹಣೆತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಎಷ್ಟೋ ದಿನದಿಂದ ತಾವಾಗಿ ಏಳಲಾರದೆ ಮಲಗಿದ್ದ ಅಜ್ಜಿ ನೆಟ್ಟಗೆ ಕೂತಿದ್ದರು.

ನಮ್ಮಲ್ಲಿ ತೀರಿಹೋದವರನ್ನು ಮಲಗಿಸುತ್ತಾರೆ, ಬಿಳಿ ಬಟ್ಟೆ ಹೊದಿಸುತ್ತಾರೆ. ನಾನು ನೋಡಿದ್ದ ಸಾವು ಅದೊಂದೇ. ಅವರಲ್ಲಿ ಕೂರಿಸುತ್ತಾರೆ ಎಂದು ನನಗೆ ಯಾರು ಹೇಳಿದ್ದರು? ಜಮ್‌ಜಮ್ ನೀರು ಕೆಲಸ ಮಾಡಿದೆ, ಲಿಂಗದ ಮೇಲೆ ಹಾಕಿದರೂ ಮಾಡಿದೆ ಎಂದುಕೊಂಡೆ. ಈ ಬಿದಿರು, ಬಾಳೆಕಂದು ಎಲ್ಲ ಅಜ್ಜಿ ಎದ್ದು ಕೂತ ಸಂಭ್ರಮಕ್ಕೆ ಎಂದೇ ಅಂದುಕೊಂಡು, ಅಜ್ಜೀ ಎಂದು ಕೂಗುತ್ತಾ ಜನರ ನಡುವೆ ನುಗ್ಗಿ ಓಡಿ ಹೋಗಿ ಅವರ ಮಂಡಿಯ ಮೇಲೆ ಬಿದ್ದೆ. ಅಂಗೈಯಲ್ಲಿ ಲಿಂಗ ಇತ್ತು, ಹಿಂದಿನ ದಿನ ನೀರು ಬಿದ್ದ ಅದೇ ಎಡಗೈ. ಇನ್ನೊಂದು ಕೈ ಹಿಡಿದೆ. ತಣ್ಣಗಿತ್ತು.

ಅತ್ತೆ ಬಂದು ನನ್ನನ್ನು ಹಿಡಿದುಕೊಂಡು, ಅಜ್ಜಿ ಹೋದರು ಎಂದರು. ನಾನು ನಂಬಲಿಲ್ಲ.

“ಕೂತವ್ರಲ್ಲ ಅತ್ತೆ. ಅಜ್ಜಿ ಕೂತವ್ರಲ್ಲ.”

ಅಲ್ಲಿ ನಿಂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಬಿದಿರಿನವರ ಜೊತೆ ನಿಂತಿದ್ದ ಅಬ್ಬಾ ಬಂದು ನನ್ನನ್ನು ಎತ್ತಿಕೊಂಡು ಮನೆಗೆ ತಂದರು. ಆ ವಯಸ್ಸಿಗೆ ನಾನು ಎತ್ತಿಕೊಳ್ಳುವಷ್ಟು ಚಿಕ್ಕವಳೂ ಆಗಿರಲಿಲ್ಲ.

ಅಜ್ಜಿಯನ್ನು ಬಿದಿರಿನ ವಿಮಾನದಲ್ಲಿ, ಎಂದರೆ ಅವರ ಕಡೆಯ ಚಟ್ಟದಲ್ಲಿ, ಕೂರಿಸಿ ಹೊತ್ತುಕೊಂಡು ಹೋದಾಗ ಅಬ್ಬಾ ಹಿಂದೆ ನಡೆದರು. ನಾನು ಗೋಡೆಯ ಈ ಕಡೆ ಶೀಸೆ ಹಿಡಿದುಕೊಂಡು ಕೂತಿದ್ದೆ. ಮಧ್ಯಾಹ್ನ ಅಬ್ಬಾ ಮಣ್ಣಾದ ಕೈಯಲ್ಲಿ ಬಂದು, ಅವರೂ ನಮ್ಮ ಹಾಗೆಯೇ ಮಣ್ಣು ಮಾಡುತ್ತಾರೆ, ನಾನೂ ಹಿಡಿ ಮಣ್ಣು ಹಾಕಿ ಬಂದೆ ಎಂದು ಅಮ್ಮಿಗೆ ಹೇಳಿದರು. ಆಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು.

ಉಳಿದ ಅರ್ಧ ಶೀಸೆ ಮತ್ತೆ ಗೂಡು ಸೇರಿತು. ಎಷ್ಟೋ ವರ್ಷ ಅಲ್ಲೇ ಇತ್ತು. ನನಗೆ ಮದುವೆಯಾಗಿ ನಿಮ್ಮ ಅಮ್ಮ ಹುಟ್ಟಿದ ಮೇಲೆ ಅಬ್ಬಾ ತೀರಿಹೋದರು. ಕೊನೆಯ ಹೊತ್ತಿನಲ್ಲಿ ಅವರ ಬಾಯಿಗೆ ನಾನು ಹಾಕಿದ ಎರಡು ಹನಿ ಅದೇ ಶೀಸೆಯದು. ಅವ್ವ ಎತ್ತಿಟ್ಟ ನೀರು ಅಬ್ಬಾ ಎಂದು ಕಿವಿಯಲ್ಲಿ ಹೇಳಿದೆ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಈಗ ನಿಮಗೆ ಜಮ್‌ಜಮ್ ಎಂದರೆ ಕ್ಯಾನಿನಲ್ಲಿ ಬರುವ ನೀರು. ಯಾರಾದರೂ ವಿಮಾನದಲ್ಲಿ ಹೋಗಿ ಬಂದರೆ ಫ್ರಿಜ್ಜಿನ ಪಕ್ಕದಲ್ಲಿ ತುಂಬಿ ನಿಂತಿರುತ್ತದೆ, ನೀವು ಲೋಟಗಟ್ಟಲೆ ಕುಡಿಯುತ್ತೀರಿ. ಹಬ್ಬಕ್ಕೆ ಮೇಲಿನ ಮನೆಯವರಿಗೆ ಡಬ್ಬಿಯಲ್ಲಿ ಸಿಹಿ ಕಳಿಸುತ್ತೀರಿ, ಅವರ ಹೆಸರು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ. ನಿಮ್ಮ ಫೋನಿನಲ್ಲಿ ನನ್ನ ದೇವರು ನಿನ್ನ ದೇವರು ಎಂದು ಜನ ಕಿರುಚಾಡುವುದು ನನ್ನ ಕಿವಿಗೂ ಬೀಳುತ್ತದೆ. ಯಾರು ಯಾರನ್ನು ಕರೆಯುತ್ತಿದ್ದಾರೋ, ಯಾರು ಬೈಯುತ್ತಿದ್ದಾರೋ ನನಗಂತೂ ತಿಳಿಯುವುದಿಲ್ಲ. ನಮ್ಮ ಕಾಲ ಚಿನ್ನದಂಥದ್ದು ಎಂದೇನೂ ನಾನು ಹೇಳುವುದಿಲ್ಲ. ಆ ಅಡುಗೆಮನೆಯ ಹೊಸ್ತಿಲನ್ನು ನಾನು ಕೊನೆಗೂ ದಾಟಲಿಲ್ಲ.

ನಿನ್ನೆ ನಿಮ್ಮಲ್ಲಿ ಚಿಕ್ಕವಳು, ಆ ಅಜ್ಜಿ ಈಗ ಎಲ್ಲಿದ್ದಾರೆ ಎಂದು ಕೇಳಿದಳಲ್ಲ, ನಾನು ಮಾತು ಮರೆಸಿದೆ. ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಅಬ್ಬಾ ಹೇಳಿದ್ದನ್ನೇ ನಾನೂ ಹೇಳಬೇಕು, ನನಗೆ ಗೊತ್ತಿಲ್ಲ ಮಗಳೇ. ಈ ಮುದಿ ವಯಸ್ಸಿನಲ್ಲೂ ಕೈಯೆತ್ತಿದಾಗ ಆ ಒಂಬತ್ತು ವರ್ಷದ ಹುಡುಗಿ ಕೇಳಿದ್ದನ್ನೇ ಕೇಳುತ್ತೇನೆ. ಕೇಳುವಾಗ ಅಲ್ಲಾಹನಿಗೆ ಒಂದು ಸಂಗತಿ ನೆನಪಿಸುತ್ತೇನೆ: ತನ್ನ ದೇವರಿಗೆ ಕೊಡುವ ಮುಂಚೆ ಆ ಅಜ್ಜಿ ನಮ್ಮ ಪಾಲು ಎತ್ತಿಟ್ಟಿದ್ದರು.